ನಾನೇ ಬರೆಸಿದ ಸೊನ್ನೆ

ಮಾನ್ಯ ಆರೋಗ್ಯ ಸಮೀಕ್ಷಾ ನಿರ್ದೇಶಕರೇ,

ಕಳೆದ ತಿಂಗಳು ತಾವು ಹೊರತಂದ ವರದಿಯ ಮೂವತ್ತೊಂದನೆಯ ಪುಟದಲ್ಲಿ ನಮ್ಮ ವಾರ್ಡಿನ ಎದುರು ಒಂದು ಸೊನ್ನೆ ಇದೆ. ‘ಅರೆತಲೆನೋವಿನಿಂದ ನಷ್ಟವಾದ ಕೆಲಸದ ದಿನಗಳು, ಮಹಿಳಾ ಕಾರ್ಮಿಕರು, ಮೂರು ತಿಂಗಳ ಅವಧಿ’ ಎಂಬ ಕಾಲಂನಲ್ಲಿ ಅದು ಗುಂಡಗೆ ಕೂತಿದೆ. ಅದನ್ನು ನಂಬಿ, ನಮ್ಮ ಆರೋಗ್ಯ ಕೇಂದ್ರದಲ್ಲಿ ಮಂಗಳವಾರ ಮತ್ತು ಶುಕ್ರವಾರ ಸಂಜೆ ನಡೆಯುವ ತಲೆನೋವಿನ ಚಿಕಿತ್ಸಾ ಕೊಠಡಿಯನ್ನು ಬರುವ ಒಂದನೇ ತಾರೀಖಿನಿಂದ ಮುಚ್ಚಬೇಕೆಂದೂ, ಅಲ್ಲಿನ ವೈದ್ಯರನ್ನು ‘ಅಗತ್ಯ ಹೆಚ್ಚಿರುವ ಪ್ರದೇಶ’ಕ್ಕೆ ಕಳಿಸಬೇಕೆಂದೂ ತಾವು ಆದೇಶ ಹೊರಡಿಸಿದ್ದೀರಿ. ಆ ಸೊನ್ನೆ ಸುಳ್ಳು. ನನಗೆ ಹೇಗೆ ಗೊತ್ತು ಎಂದು ಕೇಳಿದರೆ, ಅದನ್ನು ಬರೆಸಿದವಳು ನಾನೇ.

ತಪ್ಪೊಪ್ಪಿಗೆಯಿಂದ ದೂರು ಶುರುಮಾಡುವುದು ವಾಡಿಕೆಯಲ್ಲ ಎಂದು ಬಲ್ಲೆ. ಆದರೆ ಈ ದೂರಿನ ಆರೋಪಿಗಳ ಪಟ್ಟಿಯಲ್ಲಿ ಮೊದಲನೆಯವಳು ನಾನು. ಕೊನೆಯವರು ತಾವು. ನಡುವೆ ಇನ್ನೂ ಕೆಲವರಿದ್ದಾರೆ, ಅವರ ಸುದ್ದಿ ಮುಂದೆ ಬರುತ್ತದೆ.

ನಾನು ಆಸ್ಪತ್ರೆ, ಹೋಟೆಲು, ವಸತಿಗೃಹಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ದುಡಿಯುತ್ತಿದ್ದೇನೆ. ಈಗ ಬಟ್ಟೆ ಮಡಿಸುವ ವಿಭಾಗಕ್ಕೆ ಹಿರಿಯಳು. ಓದಿದ್ದು ಹೈಸ್ಕೂಲಿನವರೆಗೆ, ಆದರೆ ವಿಭಾಗದ ರಿಜಿಸ್ಟರು ಬರೆದು ಬರೆದು ಕೈ ಪಳಗಿದೆ. ತಮ್ಮ ಇಲಾಖೆಯ ಅತಿಥಿಗೃಹದ ಚಾದರಗಳೂ ನಮ್ಮಲ್ಲಿಗೇ ಬರುತ್ತವೆ. ತಾವು ಎಂದಾದರೂ ಅಲ್ಲಿ ತಂಗಿದ್ದರೆ, ತಾವು ಮಲಗಿದ ಚಾದರದ ನಾಲ್ಕು ಮೂಲೆಗಳನ್ನು ಕೂಡಿಸಿದ್ದು ಈ ಕೈಗಳೇ ಇರಬಹುದು.

ನಮ್ಮ ಕೆಲಸದ ಹಜಾರವನ್ನು ತಾವು ನೋಡಿಲ್ಲ, ಹಾಗಾಗಿ ಹೇಳುತ್ತೇನೆ. ಮೇಲೆ ನಲವತ್ತು ಟ್ಯೂಬ್‌ಲೈಟುಗಳು. ಅದರಲ್ಲಿ ಎರಡೋ ಮೂರೋ ಸದಾ ಮಿಣುಕುತ್ತಿರುತ್ತವೆ. ಕೆಳಗೆ ಎಲ್ಲಿ ನೋಡಿದರೂ ಬಿಳಿ ಬಟ್ಟೆ, ಆ ಬೆಳಕನ್ನೆಲ್ಲ ತಿರುಗಿ ಕಣ್ಣಿಗೇ ಎಸೆಯುವಂಥದ್ದು. ಒಂದು ಕಡೆ ಒಗೆಯುವ ಯಂತ್ರಗಳ ಗುಡುಗು, ಇನ್ನೊಂದು ಕಡೆ ಬಿಸಿ ರೋಲರಿನ ಉಗಿ, ಎಲ್ಲ ಕಡೆ ಬ್ಲೀಚಿಂಗ್ ಪುಡಿಯ ವಾಸನೆ. ಊಟಕ್ಕೆ ಅರ್ಧ ಗಂಟೆ, ನೀರು ಕುಡಿಯಲು ಸೂಪರ್‌ವೈಸರರ ಅಪ್ಪಣೆ. ಅರೆತಲೆನೋವು ಬರಿಸುವ ಕಾರ್ಖಾನೆಯೊಂದನ್ನು ಕಟ್ಟಬೇಕೆಂದು ತಜ್ಞರ ಸಮಿತಿಯೊಂದು ಕೂತು ನಕ್ಷೆ ಬರೆದಿದ್ದರೂ ಇದಕ್ಕಿಂತ ಚೆನ್ನಾಗಿ ಬರೆಯುತ್ತಿರಲಿಲ್ಲ. ಇಂಥ ಜಾಗದಲ್ಲಿ ನಲವತ್ತೆರಡು ಹೆಂಗಸರ ಪೈಕಿ ಒಬ್ಬಳಿಗೂ ಮೂರು ತಿಂಗಳಲ್ಲಿ ಒಂದು ದಿನವೂ ತಲೆನೋವಿನಿಂದ ಕೆಲಸ ತಪ್ಪಿಲ್ಲ ಎಂಬ ಅಂಕಿ ತಮ್ಮ ಮೇಜಿನ ಮೇಲೆ ಬಂದಾಗ, ತಮಗೆ ಒಂದು ಕ್ಷಣವಾದರೂ ಅನುಮಾನ ಬರಲಿಲ್ಲವೇ?

ನನಗೆ ಈ ನೋವು ಅಂಟಿಕೊಂಡಿದ್ದು ಇಪ್ಪತ್ತರ ವಯಸ್ಸಿನಲ್ಲಿ. ಬಲಗಣ್ಣಿನ ಹಿಂದೆ ಯಾರೋ ತಿರುಪು ತಿರುಗಿಸುತ್ತಿರುವ ಹಾಗೆ ಶುರುವಾಗಿ, ಅರ್ಧ ತಲೆಯನ್ನು ಹಿಡಿದು, ಹೊಟ್ಟೆ ತೊಳಸಿ, ಬೆಳಕು ಸದ್ದು ವಾಸನೆ ಯಾವುದನ್ನೂ ತಾಳದ ಹಾಗೆ ಮಾಡಿ ಒಂದೂವರೆ ದಿನ ಇಟ್ಟುಕೊಳ್ಳುತ್ತದೆ. ಹದಿನೆಂಟು ವರ್ಷ ಇದಕ್ಕೆ ಹೆಸರೇ ಇರಲಿಲ್ಲ. ಒಬ್ಬ ಡಾಕ್ಟರು ಕನ್ನಡಕ ಬದಲಿಸಿದರು. ಇನ್ನೊಬ್ಬರು ಎರಡು ಹಲ್ಲು ಕಿತ್ತರು, ಅವು ಗಟ್ಟಿ ಹಲ್ಲುಗಳು. ಔಷಧಿ ಅಂಗಡಿಯವನು ಕಂಡಕಂಡ ಗುಳಿಗೆ ಕೊಟ್ಟ. ನಮ್ಮತ್ತೆ, ಮನಸ್ಸು ಒಳ್ಳೆಯದೇ, ಆದರೆ ಬಾಯಿ ಸ್ವಲ್ಪ ಹರಿತ, ಬಾಗಿಲಲ್ಲಿ ನಿಂತು ಅಕ್ಕಪಕ್ಕದವರಿಗೆ ಕೇಳಿಸುವ ಹಾಗೆ ಹೇಳುತ್ತಿದ್ದರು: “ತಲೆ ಇದ್ದೋರಿಗೆ ತಲೆನೋವು ಬರೋದೇ. ನಾವೂ ಮನೆ ನಡೆಸಿದ್ವಿ, ಹೀಗೆ ಕತ್ತಲೆಯಲ್ಲಿ ಮಲಗಿದ್ರೆ ಯಾರು ನೋಡ್ಕೋತಿದ್ರು?” ಅವರು ಸುಳ್ಳು ಹೇಳಲಿಲ್ಲ. ಯಾರೂ ನೋಡಿಕೊಳ್ಳುತ್ತಿರಲಿಲ್ಲ, ಅದಕ್ಕೇ ನಾನೂ ಎದ್ದು ಒಲೆ ಹಚ್ಚುತ್ತಿದ್ದೆ.

ತಾವೀಗ ಮುಚ್ಚಲು ಹೊರಟಿರುವ ಕೊಠಡಿ ಆರು ವರ್ಷದ ಹಿಂದೆ ತೆರೆಯಿತು. ಅಲ್ಲಿ ಕೂರುವ ಬೆಳ್ಳಿಕೂದಲಿನ ಡಾಕ್ಟರಮ್ಮ ನನ್ನನ್ನು ಮುಟ್ಟುವ ಮೊದಲೇ ಕೇಳಿದರು: “ನೋವು ಬರೋಕೆ ಮುಂಚಿನ ದಿನ ತುಂಬಾ ಆಕಳಿಕೆ ಬರುತ್ತಾ?” ನಾನು ಅತ್ತುಬಿಟ್ಟೆ. ಹದಿನೆಂಟು ವರ್ಷದಲ್ಲಿ ನಾನು ಯಾರಿಗೂ ಹೇಳದೇ ಇದ್ದ ಆಕಳಿಕೆ ಇವರಿಗೆ ಹೇಗೆ ಗೊತ್ತು? ಅವರು ನೋವಿಗೆ ಅದರ ಹೆಸರು ಹೇಳಿದರು, ದಿನಚರಿ ಬರೆದಿಡಲು ಕಲಿಸಿದರು, ದಿನಾ ನುಂಗುವ ಒಂದು ಮಾತ್ರೆ ಕೊಟ್ಟು ಮೂರು ತಿಂಗಳು ಅದರ ಪ್ರಮಾಣವನ್ನು ಸರಿಮಾಡಿದರು. ತಿಂಗಳಿಗೆ ಏಳೆಂಟು ಸಲ ಬರುತ್ತಿದ್ದದ್ದು ಎರಡು ಸಲಕ್ಕೆ ಇಳಿಯಿತು. ನಿರ್ದೇಶಕರೇ, ತಿಂಗಳಲ್ಲಿ ಎಂಟೊಂಬತ್ತು ದಿನ ಬದುಕು ವಾಪಸ್ಸು ಸಿಕ್ಕರೆ ಹೇಗಿರುತ್ತದೆ ಎನ್ನುವುದಕ್ಕೆ ತಮ್ಮ ವರದಿಯಲ್ಲಿ ಕಾಲಂ ಇದೆಯೇ? ನಾನು ಹುಡುಕಿದೆ, ಸಿಗಲಿಲ್ಲ.

ಇನ್ನು ಸೊನ್ನೆಯ ವಿಚಾರ. ನಮ್ಮ ಲಾಂಡ್ರಿಯಲ್ಲಿ ಮೂರು ತಿಂಗಳಿಗೆ ಎರಡು ದಿನ ರಜೆ ದಾಟಿದರೆ ಕೊಳೆ ಬಟ್ಟೆ ವಿಂಗಡಿಸುವ ವಿಭಾಗಕ್ಕೆ ಹಾಕುತ್ತಾರೆ. ಆಸ್ಪತ್ರೆಯ ಕೊಳೆ ಬಟ್ಟೆಯ ವಾಸನೆಯಲ್ಲಿ ತಲೆನೋವಿನವಳು ವಾರ ಬಾಳುವುದಿಲ್ಲ. ಅಲ್ಲಿಯೂ ರಜೆ ಹಾಕಿದರೆ ಮನೆಗೆ. ಇದಲ್ಲದೆ ಗೋಡೆಯ ಮೇಲೆ ಒಂದು ಫಲಕವಿದೆ: ‘ತಲೆನೋವು, ತಲೆಸುತ್ತು ಇರುವವರು ಯಂತ್ರಗಳ ಬಳಿ ಕೆಲಸ ಮಾಡತಕ್ಕದ್ದಲ್ಲ.’ ನಮ್ಮ ಸುರಕ್ಷತೆಗಾಗಿಯೇ ಹಾಕಿದ್ದು. ಯಂತ್ರದ ಬಳಿ ಇಲ್ಲದ ಕೆಲಸ ನಮ್ಮಲ್ಲಿ ಒಂದೇ ಒಂದು, ಅದು ಮೇನೇಜರರದು.

ಹಾಗಾಗಿ ನಾವು ನಮ್ಮದೇ ಒಂದು ವ್ಯವಸ್ಥೆ ಮಾಡಿಕೊಂಡೆವು. ಹಜಾರದ ಹಿಂದೆ ಹರಿದ ಚಾದರಗಳನ್ನು ಒಟ್ಟುವ ಕೋಣೆಯಿದೆ. ಕಿಟಕಿಯಿಲ್ಲ. ಸೂರಿನವರೆಗೆ ಬಟ್ಟೆ ಒಟ್ಟಿರುವುದರಿಂದ ಸದ್ದು ಒಳಗೆ ಬರುವುದಿಲ್ಲ. ಯಾರಿಗಾದರೂ ತಲೆ ಶುರುವಾದರೆ ಅವಳು ಏನೂ ಹೇಳದೆ ಒಂದು ದಿಂಬಿನ ಚೀಲವನ್ನು ಮಡಿಸಿ ಎಡ ಹೆಗಲ ಮೇಲೆ ಹಾಕಿಕೊಳ್ಳುತ್ತಾಳೆ. ಅಷ್ಟೇ. ಪಕ್ಕದವಳು ಅವಳ ಟ್ರಾಲಿ ಎಳೆದುಕೊಳ್ಳುತ್ತಾಳೆ, ಎದುರಿನವಳು ಅವಳ ಪಾಲಿನ ಚಾದರ ಮಡಿಸುತ್ತಾಳೆ, ಇವಳು ಹೋಗಿ ಹರಕು ಬಟ್ಟೆಯ ಮೇಲೆ ಒಂದು ಗಂಟೆ ಕಣ್ಣುಮುಚ್ಚಿ ಬಿದ್ದಿರುತ್ತಾಳೆ. ನಾಳೆ ಇವಳು ಅವಳ ಪಾಲು ಮಡಿಸುತ್ತಾಳೆ. ಯಾರು ಎಷ್ಟು ಸಲ ಹೋದರು ಎಂದು ಯಾರೂ ಎಣಿಸಿಲ್ಲ. ಹನ್ನೆರಡು ವರ್ಷ ಮೇನೇಜರರ ಕಣ್ಣಿಗೆ ಇದು ಬಿದ್ದಿಲ್ಲ. ಬಹುಶಃ ಚಾದರ ಲೆಕ್ಕಕ್ಕೆ ಸರಿಯಾಗಿ ಬರುತ್ತಿದ್ದಷ್ಟು ದಿನ ಹೆಗಲ ಮೇಲೇನಿದೆ ಎಂದು ನೋಡುವ ಅಗತ್ಯ ಅವರಿಗೆ ಬಂದಿರಲಿಕ್ಕಿಲ್ಲ.

ತಮ್ಮ ಸಮೀಕ್ಷೆಯವರು ವಾರ್ಡಿಗೊಂದು ಕೆಲಸದ ಜಾಗ ಎಂದು ನಮ್ಮ ಲಾಂಡ್ರಿಯನ್ನು ಆರಿಸಿದ್ದು ಐದು ತಿಂಗಳ ಹಿಂದೆ. ಬಂದ ಹುಡುಗಿ ತುಂಬ ಮರ್ಯಾದಸ್ಥೆ. ಚಪ್ಪಲಿ ಹೊರಗೆ ಬಿಟ್ಟು ಬಂದಳು, ಎಲ್ಲರನ್ನೂ ಅಕ್ಕ ಎಂದಳು. ಅವಳ ಪಕ್ಕ ಒಂದು ಕುರ್ಚಿ ಹಾಕಿಸಿಕೊಂಡು ನಮ್ಮ ಮೇನೇಜರ್ ಕೂತರು, ‘ಸಹಕಾರ ಕೊಡಲು.’ ಹಿರಿಯಳೆಂದು ಮೊದಲು ನನ್ನನ್ನೇ ಕರೆದರು.

“ಅಕ್ಕ, ಹೋದ ಮೂರು ತಿಂಗಳಲ್ಲಿ ತಲೆನೋವಿಂದ ಎಷ್ಟು ದಿನ ಕೆಲಸಕ್ಕೆ ಬರೋಕೆ ಆಗ್ಲಿಲ್ಲ?”

ನಾನು ಮೇನೇಜರರ ಕಡೆ ನೋಡಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ. “ಸೊನ್ನೆ,” ಎಂದೆ. ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ವಾಪಸ್ಸು ಬರುವಾಗ ಸಾಲಿನಲ್ಲಿ ನಿಂತವರಿಗೆಲ್ಲ ಕೈಬೆರಳು ಸುತ್ತಿ ತೋರಿಸಿದೆ. ನಲವತ್ತೊಂದು ಮಂದಿಯೂ ಸೊನ್ನೆ ಎಂದರು. ನಮ್ಮಲ್ಲಿ ಒಬ್ಬಳಿಗೆ ‘ಗಡಿಯಾರ’ ಎಂದು ಅಡ್ಡಹೆಸರು, ಹದಿನೈದು ದಿನಕ್ಕೊಮ್ಮೆ ಗುರುವಾರ ಮಧ್ಯಾಹ್ನಕ್ಕೆ ಸರಿಯಾಗಿ ಅವಳಿಗೆ ನೋವು ಬರುತ್ತದೆ. ಅವತ್ತು ಗುರುವಾರ. ಹೆಗಲ ಮೇಲೆ ದಿಂಬಿನ ಚೀಲ, ಒಂದು ಕಣ್ಣು ಮುಚ್ಚಿದೆ, ಆ ಕಣ್ಣಿಂದ ನೀರು ಸುರಿಯುತ್ತಿದೆ.

“ಅಕ್ಕ, ಕಣ್ಣಲ್ಲಿ ನೀರು ಬರ್ತಿದೆಯಲ್ಲ?” ಎಂದಳು ತಮ್ಮ ಹುಡುಗಿ.

“ಬ್ಲೀಚಿಂಗ್ ಪುಡಿ ಬಿತ್ತಮ್ಮ. ನೀನು ಸೊನ್ನೆ ಅಂತ ಬರ್ಕೋ.”

ಹುಡುಗಿ ಬರೆದುಕೊಂಡಳು. ಅವಳದೇನೂ ತಪ್ಪಿಲ್ಲ. ನಮ್ಮದೂ ಸುಳ್ಳಲ್ಲ ನೋಡಿ, ತಾವು ಕೇಳಿದ್ದು ಎಷ್ಟು ದಿನ ಬರಲಿಲ್ಲ ಎಂದು. ನಾವು ಎಲ್ಲ ದಿನವೂ ಬಂದಿದ್ದೆವು. ಬಂದು ಏನು ಪಟ್ಟೆವು ಎಂದು ತಾವು ಕೇಳಲಿಲ್ಲ.

ಕೇಳಲಿಲ್ಲ ಎಂದರೆ ತಮಗೆ ಅನ್ಯಾಯವಾಗುತ್ತದೆ. ಎರಡನೆಯ ಪ್ರಶ್ನೆಯೊಂದಿತ್ತು: ತಲೆನೋವಿನಿಂದಾಗಿ ಎಷ್ಟು ದಿನ ಅರ್ಧಕ್ಕಿಂತ ಕಡಿಮೆ ಕೆಲಸವಾಯಿತು? ಬಹಳ ಒಳ್ಳೆಯ ಪ್ರಶ್ನೆ. ಆದರೆ ಕಾರ್ಮಿಕರ ಸಮಯ ಹಾಳಾಗಬಾರದೆಂಬ ಕಾಳಜಿಯಿಂದ ಅದರ ಉತ್ತರವನ್ನು ಮೇನೇಜರರ ಉತ್ಪಾದನಾ ರಿಜಿಸ್ಟರಿನಿಂದಲೇ ಬರೆದುಕೊಂಡರು. ಮಡಿಸುವ ವಿಭಾಗದ ಚಾದರ ಒಂದು ದಿನವೂ ಕಡಿಮೆಯಾಗಿಲ್ಲ, ಏಕೆಂದರೆ ಬಿದ್ದವಳ ಪಾಲನ್ನು ನಿಂತವಳು ಮಡಿಸಿದ್ದಾಳೆ. ಅಲ್ಲೂ ಸೊನ್ನೆ. ಮೂರನೆಯದು ಮನೆಗೆಲಸದ ಪ್ರಶ್ನೆ. ಅದನ್ನು ಮನೆಮನೆಗೆ ಬಂದು ‘ಕುಟುಂಬದ ಮುಖ್ಯಸ್ಥ’ರನ್ನು ಕೇಳಿದಿರಿ. ನಮ್ಮ ಯಜಮಾನರು ಮೀಸೆ ತಿರುವುತ್ತಾ ಹೇಳಿದರಂತೆ: “ಇವಳಾ? ಮದುವೆಯಾದಾಗಿಂದ ಒಂದು ದಿನ ಅಡುಗೆ ತಪ್ಸಿಲ್ಲ ಸಾರ್.” ಅವರು ಹೊಗಳಿದ್ದು. ಇಪ್ಪತ್ತೈದು ವರ್ಷದಲ್ಲಿ ಅವರು ನನ್ನನ್ನು ಮೂರನೆಯವರೆದುರು ಹೊಗಳಿದ್ದು ಅದೇ ಮೊದಲು, ಅದೂ ನನ್ನ ವಿರುದ್ಧ ಸಾಕ್ಷಿಯಾಯಿತು.

ಇಷ್ಟರಲ್ಲೇ ನಿಂತಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ನಮ್ಮ ಹೆಂಗಸರ ಜಾಣತನಕ್ಕೆ ನಾವೇ ಒಳಗೊಳಗೇ ನಕ್ಕು ಸುಮ್ಮನಾಗುತ್ತಿದ್ದೆವು. ಆದರೆ ನನಗೊಬ್ಬಳು ಮಗಳಿದ್ದಾಳೆ. ವಯಸ್ಸು ಇಪ್ಪತ್ತು. ಎರಡು ವರ್ಷದಿಂದ ನಮ್ಮ ಲಾಂಡ್ರಿಯಲ್ಲೇ, ಬಿಸಿ ರೋಲರಿನ ಮೇಲೆ. ಇಬ್ಬರು ಹುಡುಗಿಯರು ಒದ್ದೆ ಚಾದರದ ಎರಡು ಮೂಲೆ ಹಿಡಿದು ತಿರುಗುವ ರೋಲರಿಗೆ ಕೊಡಬೇಕು, ಚಾದರ ಅತ್ತ ಕಡೆ ಒಣಗಿ ಇಸ್ತ್ರಿಯಾಗಿ ಬರುತ್ತದೆ. ಬೆರಳು ಎಲ್ಲಿ ಬಿಡಬೇಕು ಎನ್ನುವುದು ಕೂದಲೆಳೆಯ ಲೆಕ್ಕ. ಆಸ್ತಿ ಅಂತ ನಾನು ಅವಳಿಗೆ ಕೊಟ್ಟದ್ದು ಈ ನೋವೊಂದನ್ನೇ. ಅವಳಿಗೆ ಅದು ಬೇರೆ ರೂಪದಲ್ಲಿ ಬಂದಿದೆ. ನೋವಿಗೆ ಮೊದಲು ನೋಟದ ಎಡಭಾಗ ಅಳಿಸಿಹೋಗುತ್ತದೆ. ಮೊದಲ ಸಲ ಬಂದಾಗ ಅಡುಗೆಮನೆಯಲ್ಲಿ ನನ್ನೆದುರು ನಿಂತು, “ಅಮ್ಮ, ನಿನ್ನ ಮುಖ ಅರ್ಧ ಇಲ್ಲ,” ಎಂದಿದ್ದಳು. ನಾನು ತಮಾಷೆ ಎಂದುಕೊಂಡು ಬೈದಿದ್ದೆ.

ಸಮೀಕ್ಷೆಯಾಗಿ ಆರು ವಾರಕ್ಕೆ, ಊಟ ಮುಗಿದ ಹೊತ್ತಿನಲ್ಲಿ ನಾನು ಟ್ರಾಲಿ ತಳ್ಳಿಕೊಂಡು ರೋಲರಿನ ಕಡೆ ಹೋದೆ. ಮಗಳು ಎಡಗೈಯಿಂದ ಚಾದರದ ಅಂಚನ್ನು ಕುರುಡರ ಹಾಗೆ ತಡಕುತ್ತಿದ್ದಳು. ಅಂಚು ಅವಳ ಕಣ್ಣಿಗಿಲ್ಲ, ಆದರೆ ಕೈ ಬಟ್ಟೆಯ ಜೊತೆ ರೋಲರಿನತ್ತ ಹೋಗುತ್ತಿದೆ. ನಾನು ಕೂಗಲಿಲ್ಲ, ಆ ಗದ್ದಲದಲ್ಲಿ ಕೂಗು ಕೇಳುವುದಿಲ್ಲ. ಯಂತ್ರ ನಿಲ್ಲಿಸುವ ಕೆಂಪು ಹಗ್ಗ ಎಳೆದೆ. ಯಂತ್ರ ನಿಂತಾಗ ಅವಳ ತೋಳಿನ ಬಟ್ಟೆಯ ಅಂಚು ರೋಲರಿನೊಳಗಿತ್ತು, ಕಂದುಬಣ್ಣಕ್ಕೆ ತಿರುಗಿ ಹೊಗೆಯಾಡುತ್ತಿತ್ತು. ಅದರಿಂದ ನಾಲ್ಕು ಬೆರಳ ಆಚೆಗೆ ಅವಳ ಕೈ.

ಸೂಪರ್‌ವೈಸರ್ ಓಡಿಬಂದರು. “ಏನಾಯ್ತು?”

“ಬಟ್ಟೆ ಸಿಕ್ಕಾಕೊಂಡ್ತು ಸಾರ್,” ಎಂದೆ.

ರಿಜಿಸ್ಟರಿನಲ್ಲಿ ನಾನೇ ಬರೆದೆ: ‘ಬಟ್ಟೆ ಸಿಲುಕಿ ಯಂತ್ರ ಸ್ಥಗಿತ, ಹನ್ನೊಂದು ನಿಮಿಷ.’ ಮರುದಿನ ಮೆಕ್ಯಾನಿಕ್ ಬಂದ. ಎರಡು ದಿನ ಕೂತು, ಇಲ್ಲದ ದೋಷ ಹುಡುಕಿ, ಎಣ್ಣೆ ಬಿಟ್ಟು, ಬೆಲ್ಟು ಬದಲಿಸಿ, ಈಗ ಸರಿಹೋಯಿತು ಎಂದು ಸಹಿ ಹಾಕಿ ಹೋದ. ನಮ್ಮಲ್ಲಿ ಯಂತ್ರಕ್ಕೆ ಸುಳ್ಳು ಕಾಯಿಲೆ ಬಂದರೂ ಎರಡು ದಿನ ಆರೈಕೆ ಇದೆ. ನಾನು ಅವತ್ತು ಮಗಳ ತೋಳು ಹಿಡಿದುಕೊಂಡು ಹರಕು ಕೋಣೆಯಲ್ಲಿ ಕೂತಿದ್ದೆ. ನನ್ನ ಜೀವಮಾನದಲ್ಲಿ ಅಷ್ಟು ಹೆದರಿದ್ದಿಲ್ಲ.

ಆ ಶುಕ್ರವಾರವೇ ಅವಳನ್ನು ಡಾಕ್ಟರಮ್ಮನ ಹತ್ತಿರ ಕರೆದೊಯ್ದೆ. ಅವರು ಮಾತ್ರೆ ಶುರುಮಾಡಿದರು. ಹದಿನೈದು ದಿನಕ್ಕೊಮ್ಮೆ ತೋರಿಸುತ್ತಾ, ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ಆರೇಳು ತಿಂಗಳು ಹೋಗಬೇಕು, ನಡುವೆ ನಿಲ್ಲಿಸಬಾರದು ಎಂದರು. ಈಗ ಮೂರು ತಿಂಗಳಾಗಿದೆ. ಮೊದಲು ವಾರಕ್ಕೊಮ್ಮೆ ಅಳಿಸಿಹೋಗುತ್ತಿದ್ದ ಕಣ್ಣು ಈಗ ತಿಂಗಳಿಗೊಮ್ಮೆ ಅಳಿಸುತ್ತದೆ. ಆ ಒಂದು ಸಲ ಯಾವಾಗ ಎಂದು ಮಾತ್ರ ಯಾರಿಗೂ ಗೊತ್ತಿಲ್ಲ. ಅಷ್ಟರಲ್ಲಿ ಆರೋಗ್ಯ ಕೇಂದ್ರದ ಬಾಗಿಲಿಗೆ ತಮ್ಮ ಆದೇಶ ಅಂಟಿಸಿದರು. ಹೊಸ ಕೊಠಡಿ ಇಲ್ಲಿಂದ ಎರಡು ಬಸ್ಸು ಬದಲಿಸುವಷ್ಟು ದೂರ, ಅದೂ ಬೆಳಗ್ಗೆ ಹತ್ತರಿಂದ ಒಂದರವರೆಗೆ. ಹದಿನೈದು ದಿನಕ್ಕೊಮ್ಮೆ ಅಲ್ಲಿಗೆ ಹೋದರೆ ಮೂರು ತಿಂಗಳಿಗೆ ಆರು ರಜೆ. ಕೆಲಸ ಹೋಗಲು ನಾಲ್ಕೇ ಸಾಕು.

ಅದಕ್ಕೆ ನಾನು ತಮ್ಮ ಕಚೇರಿಗೆ ಬಂದಿದ್ದೆ, ತಾವು ಪ್ರವಾಸದಲ್ಲಿದ್ದಿರಿ. ಆಕ್ಷೇಪಣೆಗಳನ್ನು ತೆಗೆದುಕೊಳ್ಳುವ ಗುಮಾಸ್ತರು ಸೌಮ್ಯ ಮನುಷ್ಯ, ಕುರ್ಚಿ ಕೊಟ್ಟು ಕೂರಿಸಿ ಮಾತಾಡಿದರು.

“ಆಕ್ಷೇಪಣೆ ತಗೋತೀನಿ ಅಮ್ಮ, ದಾಖಲೆ ಏನಿದೆ?”

“ಏನು ದಾಖಲೆ ಬೇಕು?”

“ತಲೆನೋವಿಗೆ ರಜೆ ಹಾಕಿರೋ ಅರ್ಜಿ ಒಂದಾದ್ರೂ.”

“ನಾವು ರಜೆ ಹಾಕಲ್ಲ ಸಾರ್.”

“ಹಾಗಿದ್ರೆ ಲೆಕ್ಕ ಸರಿಯಾಗೇ ಇದೆಯಲ್ಲಮ್ಮ.”

“ಆ ಕೊಠಡಿಯ ರಿಜಿಸ್ಟರು ನೋಡಿ ಸಾರ್. ನಮ್ಮವರು ಎಷ್ಟು ಜನ ಬರ್ತಾರೆ ಗೊತ್ತಾಗುತ್ತೆ.”

ಅವರು ತರಿಸಿ ನೋಡಿದರು. ನೋಡಿ ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ಆಗ ನನಗೆ ನೆನಪಾಯಿತು. ಹೆಸರು ಬರೆಯುವಾಗ ನರ್ಸಮ್ಮ ‘ಕೆಲಸ?’ ಎಂದು ಕೇಳುತ್ತಾರೆ. ಲಾಂಡ್ರಿ ಎಂದರೆ ಸುದ್ದಿ ಮೇನೇಜರರಿಗೆ ಮುಟ್ಟೀತು ಎಂಬ ಭಯಕ್ಕೆ ನಾವೆಲ್ಲ ಆರು ವರ್ಷದಿಂದ ಬರೆಸುತ್ತ ಬಂದದ್ದು ‘ಗೃಹಿಣಿ.’ ನಮ್ಮ ಬೆರಳ ತುದಿಗಳನ್ನು ನೋಡಿ ಡಾಕ್ಟರಮ್ಮನೇ ಒಮ್ಮೆ ನಕ್ಕಿದ್ದರು: “ಈ ವಾರ್ಡಿನ ಗೃಹಿಣಿಯರೆಲ್ಲ ಬ್ಲೀಚಲ್ಲೇ ಕೈ ತೊಳೀತಾರೇನೋ.” ಪುಟದ ಮೇಲೆ ಪುಟ, ಒಬ್ಬಳೂ ಲಾಂಡ್ರಿಯವಳಿಲ್ಲ.

“ಗೃಹಿಣಿಯರು ತುಂಬ ಜನ ಇದ್ದಾರೆ,” ಎಂದರು ಗುಮಾಸ್ತರು, ಪಾಪ, ಸಮಾಧಾನಕ್ಕೆ. “ಆದರೆ ಅವರದ್ದು ಕೆಲಸದ ದಿನ ಅಂತ ಲೆಕ್ಕಕ್ಕೆ ಬರಲ್ಲ.”

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಹಾಜರಿ ಪುಸ್ತಕ, ಉತ್ಪಾದನೆಯ ಪುಸ್ತಕ, ಯಂತ್ರದ ಪುಸ್ತಕ, ಆಸ್ಪತ್ರೆಯ ಪುಸ್ತಕ, ನಾಲ್ಕರಲ್ಲೂ ಒಂದು ಕಲೆ ಸಿಗದ ಹಾಗೆ ನಾವೇ ಒಗೆದಿಟ್ಟಿದ್ದೇವೆ. ಉಳಿದುಕೊಳ್ಳಲು ಮಾಡಿದ ಒಂದೊಂದು ಉಪಾಯವೂ ಒಂದೊಂದು ಗೋಡೆಯಾಗಿ ನಿಂತು, ನಡುವೆ ನಾವು. ಈಗ ನಿಜ ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ಔಷಧಿ ಹೋಗುತ್ತದೆ. ಅತ್ತ ದರಿ ಇತ್ತ ಪುಲಿ ಎನ್ನುತ್ತಾರಲ್ಲ, ನಮ್ಮ ಪಾಡಿಗೆ ದರಿ ತೋಡಿದವರೂ ನಾವೇ. ಆದರೆ ಪುಲಿಯನ್ನು ಸಾಕಿದವರು ಯಾರು ಎಂದು ತಮ್ಮನ್ನು ಕೇಳಬಹುದೇ?

ತಾವು ವಿದ್ಯಾವಂತರು. ಒಂದು ಜನಸಮೂಹದಲ್ಲಿ ಒಂದು ರೋಗ ಎಷ್ಟಿದೆ, ಅದು ಎಷ್ಟು ತಿನ್ನುತ್ತಿದೆ ಎಂದು ಅಳೆಯುವುದು ಸಣ್ಣ ವಿದ್ಯೆಯಲ್ಲ. ನನಗೆ ಅದರ ಬಗ್ಗೆ ಗೌರವವಿದೆ. ಆದರೆ ತಮ್ಮ ಮಾಪನದ ಪ್ರಕಾರ ನೋವು ಎಂದರೆ ಗೈರುಹಾಜರಿ. ಮನೆಯಲ್ಲಿ ಮಲಗುವ ಸೌಕರ್ಯ ಇರುವವರಿಗೆ ಮಾತ್ರ ತಲೆನೋವು ಇದೆ. ವರದಿಯಲ್ಲಿ ಅತಿ ಹೆಚ್ಚು ದಿನ ನಷ್ಟವಾಗಿರುವುದು ಯಾವ ವಾರ್ಡಿನಲ್ಲಿ ಎಂದು ನೋಡಿದೆ. ಸರ್ಕಾರಿ ಕಚೇರಿಗಳಿರುವ ವಾರ್ಡು, ಸಂಬಳಸಹಿತ ರಜೆ ಇರುವ ಕಡೆ. ಅವರ ನೋವು ಸುಳ್ಳೆಂದು ನಾನು ಹೇಳುವುದಿಲ್ಲ, ಹೇಳುವ ಬಾಯಿ ನನಗಿಲ್ಲ, ನಮ್ಮತ್ತೆಯ ಸಾಲಿಗೆ ಸೇರಲು ಮನಸ್ಸೂ ಇಲ್ಲ. ಕೇಳುವುದಿಷ್ಟೇ. ರಜೆ ಸಿಗುವ ಕಡೆ ರೋಗ ಹೆಚ್ಚು, ರಜೆ ಸಿಗದ ಕಡೆ ರೋಗವೇ ಇಲ್ಲ ಎಂದರೆ ತಾವು ಅಳೆದದ್ದು ತಲೆನೋವನ್ನೋ, ರಜೆಯನ್ನೋ? ಈಗ ಡಾಕ್ಟರಮ್ಮ ಹೋಗುತ್ತಿರುವುದೂ ಅದೇ ವಾರ್ಡಿಗೆ. ಇರುವವರಿಗೇ ಇನ್ನಷ್ಟು ಎನ್ನುವುದನ್ನು ಅಂಕಿಅಂಶದ ಮೂಲಕ ಸಾಧಿಸಿದ್ದಕ್ಕೆ ತಮ್ಮನ್ನು ಅಭಿನಂದಿಸಬೇಕೇನೋ.

ಈ ಪತ್ರ ಬರೆಯಬೇಕೋ ಬೇಡವೋ ಎಂದು ಎರಡು ದಿನದ ಊಟದ ಬಿಡುವಿನಲ್ಲಿ ನಾವು ಮಾತಾಡಿದೆವು. ಬರೆದರೆ ಹರಕು ಕೋಣೆಗೆ ಬೀಗ ಬೀಳುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು. ಒಬ್ಬಳು, ಇಬ್ಬರು ಸಣ್ಣ ಮಕ್ಕಳ ತಾಯಿ, ಎದ್ದು ನಿಂತೇ ಹೇಳಿದಳು: “ಅಕ್ಕ, ನಿಮ್ಮ ಮಗಳಿಗೋಸ್ಕರ ನಮ್ಮ ತಲೆ ಮೇಲೆ ಯಾಕೆ ಕಲ್ಲು ಹಾಕ್ತೀರಿ? ಆ ಕೋಣೆ ಇಲ್ಲದಿದ್ರೆ ನಾನು ಎಲ್ಲಿಗೆ ಹೋಗ್ಲಿ?” ಗಡಿಯಾರ ಮಾತ್ರ, “ಬರೀರಿ. ಕೋಣೆ ಒಂದು ಗಂಟೆ ಮಲಗಿಸುತ್ತೆ, ಮಾತ್ರೆ ಹದಿನೈದು ದಿನ ಕಾಲ ಮೇಲೆ ನಿಲ್ಲಿಸುತ್ತೆ,” ಎಂದಳು. ಉಳಿದವರು ಊಟದ ಡಬ್ಬಿ ಮುಚ್ಚಿ ಎದ್ದರು. ಮನೆಯಲ್ಲಿ ಮಗಳಿಗೆ ಹೇಳಿದೆ, “ನಿನ್ನ ವಿಷಯ ಬರೆದ್ರೆ ನಿನ್ನ ಕೆಲಸ ಹೋಗುತ್ತೆ ಕಣೇ.” ಅವಳು ತಲೆಯೆತ್ತದೆ ತನ್ನ ಅಂಗಿಯ ಸುಟ್ಟ ತೋಳಿಗೆ ತೇಪೆ ಹೊಲಿಯುತ್ತಿದ್ದಳು. “ಕೈ ಇದ್ರೆ ಇನ್ನೊಂದು ಕೆಲಸ ಸಿಗುತ್ತೆ. ಬರಿ ಅಮ್ಮ,” ಎಂದಳು. ಬೇಡ ಎಂದವಳು ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಆದರೂ ನಿನ್ನೆ ನನ್ನ ಹೆಗಲ ಮೇಲೆ ದಿಂಬಿನ ಚೀಲ ಕಂಡಾಗ, ಮುಖ ಆ ಕಡೆ ತಿರುಗಿಸಿಕೊಂಡೇ ನನ್ನ ಟ್ರಾಲಿ ಎಳೆದುಕೊಂಡಳು.

ಈ ಪತ್ರ ಹೇಗೂ ಅವರ ಕೈಗೂ ಮುಟ್ಟುತ್ತದೆ, ಆದ್ದರಿಂದ ನಮ್ಮ ಮೇನೇಜರರಿಗೂ ಇಲ್ಲೇ ಒಂದು ಮಾತು. ಈ ಪತ್ರದಲ್ಲಿ ನಿಜವಾಗಿ ಇರುವವರು ನಾವಿಬ್ಬರೇ, ನಾನು ಮತ್ತು ನನ್ನ ಮಗಳು. ಉಳಿದ ನಲವತ್ತು ಹೆಂಗಸರು, ಅವರ ದಿಂಬಿನ ಚೀಲಗಳು, ಗಡಿಯಾರ ಎಂಬ ಅಡ್ಡಹೆಸರಿನವಳು, ಎಲ್ಲ ನನ್ನ ಕಣ್ಣಿಗೆ ಕಂಡವರು. ಇಲ್ಲದ್ದನ್ನು ಕಾಣುವುದು ಈ ಕಾಯಿಲೆಯ ಲಕ್ಷಣಗಳಲ್ಲಿ ಒಂದು, ಬೇಕಾದರೆ ಡಾಕ್ಟರಮ್ಮನನ್ನು ಕೇಳಿ, ಅವರು ಇಲ್ಲಿಂದ ಹೋಗುವುದರೊಳಗೆ.

ಇನ್ನು ನನ್ನ ಬೇಡಿಕೆ. ನಮ್ಮ ಲಾಂಡ್ರಿಗೆ ಇನ್ನೊಮ್ಮೆ ಬನ್ನಿ. ಮೇನೇಜರರ ಕುರ್ಚಿಯನ್ನು ಬೇರೆ ಕೋಣೆಯಲ್ಲಿ ಹಾಕಿಸಿ. ಹೆಸರು ಬರೆದುಕೊಳ್ಳಬೇಡಿ. ಎಷ್ಟು ದಿನ ಕೆಲಸಕ್ಕೆ ಬರಲಿಲ್ಲ ಎಂದು ಕೇಳುವ ಬದಲು, ಎಷ್ಟು ದಿನ ನೋವಿಟ್ಟುಕೊಂಡೇ ಬಂದಿರಿ ಎಂದು ಕೇಳಿ. ಉತ್ತರ ಬರೆದುಕೊಳ್ಳಲು ಒಂದೇ ಅಂಕೆಯ ಚೌಕ ಸಾಲುವುದಿಲ್ಲ, ಅದನ್ನು ಮೊದಲೇ ಹೇಳಿರುತ್ತೇನೆ. ಅಲ್ಲಿಯವರೆಗೆ ಮಂಗಳವಾರ ಶುಕ್ರವಾರದ ಆ ಕೊಠಡಿಯನ್ನು ಮುಚ್ಚಬೇಡಿ. ಮುಂದಿನ ಶುಕ್ರವಾರ ನನ್ನ ಮಗಳಿಗೆ ತೋರಿಸುವ ದಿನ.

ತಮ್ಮ ಗುಮಾಸ್ತರು ದಾಖಲೆ ಕೇಳಿದ್ದರಲ್ಲ, ಅದನ್ನೂ ಲಗತ್ತಿಸಿದ್ದೇನೆ. ಹೋದ ಸೋಮವಾರ ತಮ್ಮ ಕಚೇರಿಗೆ ಬಂದ ದಿನಕ್ಕೆ, ಮರುದಿನ ನಾನು ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿ ‘ಕಾರಣ: ಅರೆತಲೆನೋವು’ ಎಂದು ಬರೆದು ಒಂದು ದಿನದ ರಜೆ ಅರ್ಜಿ ಕೊಟ್ಟೆ. ಸೂಪರ್‌ವೈಸರ್ ಎರಡು ಸಲ ಓದಿ ಮೊಹರು ಒತ್ತಿದರು. ಆ ಅರ್ಜಿಯ ನಕಲು ಈ ಪತ್ರದ ಹಿಂದಿದೆ. ದಯವಿಟ್ಟು ತಮ್ಮ ಮೂವತ್ತೊಂದನೆಯ ಪುಟದ ಸೊನ್ನೆಯನ್ನು ಹೊಡೆದು ಒಂದು ಎಂದು ಬರೆಯಿರಿ.

ಪ್ರಾಮಾಣಿಕತೆಗಾಗಿ ಒಂದು ಮಾತು ಸೇರಿಸುತ್ತೇನೆ. ಆ ಸೋಮವಾರ ನನಗೆ ತಲೆನೋವು ಇರಲಿಲ್ಲ. ತಲೆ ನಿರಾಳವಾಗಿತ್ತು, ಅದಕ್ಕೇ ತಮ್ಮ ಕಚೇರಿಯ ಸಾಲಿನಲ್ಲಿ ನಾಲ್ಕು ಗಂಟೆ ನಿಲ್ಲಲು ಸಾಧ್ಯವಾಯಿತು. ನೋವು ಬಂದದ್ದು ಬುಧವಾರ. ಬುಧವಾರ ನಾನು ಕೆಲಸಕ್ಕೆ ಹೋದೆ.

ಇಂತಿ,
ಈ ಪತ್ರ ಅಂಚೆಗೆ ಹಾಕುವ ಹೊತ್ತಿಗೆ ಇನ್ನೂ ಕೆಲಸದಲ್ಲಿರುವ,
ಬಟ್ಟೆ ಮಡಿಸುವ ವಿಭಾಗದ ಹಿರಿಯ ಕೆಲಸಗಾರ್ತಿ